ಕುಂಕುಮ ಹಚ್ಚಿ ಕರೆದ ಸಭೆ

ಆ ದಿನವೂ ಬೆಳಿಗ್ಗೆ ಎದ್ದು ಒಂದು ಒಲೆಯ ಮೇಲೆ ಗಂಜಿಗೆ ಕುಚ್ಚಲಕ್ಕಿ ಇಟ್ಟೆ, ಇನ್ನೊಂದರ ಮೇಲೆ ಚಹಾಕ್ಕೆ ನೀರು. ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವಷ್ಟೆ. ತೆಂಗಿನ ಗರಿಗಳಿಂದ ಇಬ್ಬನಿ ಹಂಚಿನ ಮೇಲೆ ಇನ್ನೂ ತೊಟ್ಟಿಕ್ಕುತ್ತಿತ್ತು. ಆದರೆ ನಮ್ಮ ಬಾವಿಯ ನೀರು ಆಗಲೇ ರುಚಿ ಬದಲಿಸತೊಡಗಿತ್ತು. ನಾವಿರುವುದು ಕಾಳಿ ನದಿ ಸಮುದ್ರ ಸೇರುವ ಜಾಗದ ಹತ್ತಿರ. ಮಳೆಗಾಲ ಮುಗಿದು ಹೊಳೆಯ ರಭಸ ಇಳಿದ ಮೇಲೆ ಉಬ್ಬರದ ಉಪ್ಪುನೀರು ನೆಲದಡಿಯಿಂದ ಮೆಲ್ಲಗೆ ಊರೊಳಗೆ ಬರುತ್ತದೆ. ಮೊದಲು ಅದು ಗೊತ್ತಾಗುವುದು ಚಹಾದಲ್ಲಿ. ಎಷ್ಟು ಸಕ್ಕರೆ ಹಾಕಿದರೂ ನಾಲಿಗೆಯ ತುದಿಗೆ ಏನೋ ಒಂದು ಬೇರೆಯದು ತಾಗುತ್ತದೆ.

"ಶುರುವಾಯ್ತು ಅಲ್ದಾ?" ಎಂದರು ನಮ್ಮವರು, ಮೊದಲ ಗುಟುಕಿಗೇ.

"ಶುರುವಾಯ್ತು."

ಅವರು ಅರ್ಗಾದ ನೌಕಾನೆಲೆಯಲ್ಲಿ ಗುಮಾಸ್ತರು. ಚಿತ್ತಾಕುಲದ ಕಡೆಯಿಂದ ಬರುವ ಬಸ್ಸು ಹಿಡಿದು, ಸೇತುವೆ ದಾಟಿ ಕಾರವಾರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು. ಡಬ್ಬಿಗೆ ಚಪಾತಿ, ಬಟಾಟೆ ಪಲ್ಯ ತುಂಬಿ ಕೊಟ್ಟೆ. ಬೂಟಿನ ದಾರ ಕಟ್ಟುತ್ತ ಕೇಳಿದರು: "ಇವತ್ತಾದ್ರೂ ಜನ ಬರ್ತಾರೆ ಅಂತ ಧೈರ್ಯ ಉಂಟಾ?"

"ಕರೆದು ಬಂದಿದ್ದೇನೆ. ಇನ್ನು ಅವರಿಗೆ ಬಿಟ್ಟದ್ದು."

"ಬರದಿದ್ರೆ ಆ ಸಿಟ್ಟು ಸಾರಿನ ಮೇಲೆ ತೀರಿಸ್ಬೇಡ. ರಾತ್ರಿಗೆ ಬಾಂಗಡೆ ಮಾಡಿಡು."

ಅವರು ಹೋದ ಮೇಲೆ ಅಂಗಳ ಗುಡಿಸಿದೆ. ತುಳಸಿಗೆ ನೀರು ಹೊಯ್ದೆ. ಕೈ ಮಾಡುವ ಕೆಲಸ ಎಂದಿನದೇ. ಕಣ್ಣು ಮಾತ್ರ ಗಡಿಯಾರದ ಮೇಲೆ. ಮಧ್ಯಾಹ್ನ ಮೂರಕ್ಕೆ ನಮ್ಮ ವಾರ್ಡಿನ ಸಭೆ. ಅದರ ಅಧ್ಯಕ್ಷತೆ ನನ್ನದು. ಇದಕ್ಕೆ ಮುಂಚೆ ಎರಡು ಸಲ ಕರೆದಾಗಲೂ ಸಭೆ ನಡೆಯದೆ ಮುರಿದುಹೋಗಿತ್ತು. ಈ ಸಲವೂ ಜನ ಸೇರದಿದ್ದರೆ ಕೆಳಕೇರಿಗೆ ಮಂಜೂರಾಗಬೇಕಿದ್ದ ಕುಡಿಯುವ ನೀರಿನ ಬಾವಿ ಬೇರೆ ವಾರ್ಡಿಗೆ ಹೋಗುತ್ತಿತ್ತು.

ನಾನು ಗ್ರಾಮ ಪಂಚಾಯತಿಯ ಸದಸ್ಯೆಯಾದದ್ದೇ ನನಗೊಂದು ಸೋಜಿಗ. ಆ ಸಲ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ಒಂದು ಸಂಜೆ ಊರಿನ ಹಿರಿಯರು ಕೆಲವರು ಬಂದು ಜಗಲಿಯಲ್ಲಿ ಕೂತರು. ಯಾರ ಮನೆಯ ಹುಡುಗಿಗೋ ಸಂಬಂಧ ತಂದಿರಬೇಕು ಎಂದುಕೊಂಡು ನಾನು ಒಳಗೆ ಅವಲಕ್ಕಿ ಕಲಸುತ್ತಿದ್ದೆ. ಅವರು ಕೇಳಲು ಬಂದದ್ದು ನನ್ನನ್ನು. "ನೀವು ಕಾನ್ವೆಂಟಿನಲ್ಲಿ ಕಲಿತವರು. ಇಂಗ್ಲಿಷ್ ಕಾಗದ ಬಂದ್ರೆ ಓದಿ ಹೇಳ್ತ್ರಿ. ಊರಲ್ಲಿ ಯಾರ ಹತ್ರವೂ ನಿಮ್ಮ ಜಗಳ ಇಲ್ಲ," ಎಂದರು. ಜಗಳ ಮಾಡಲು ಬಾರದಿರುವುದು ಒಂದು ಯೋಗ್ಯತೆ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಬೇರೆ ಯಾರೂ ಅರ್ಜಿ ಹಾಕಲಿಲ್ಲ, ಅವಿರೋಧ ಆಯ್ಕೆಯಾದೆ. ಅಂಕೋಲೆಯಿಂದ ಅಮ್ಮ ಫೋನು ಮಾಡಿ, "ಊಟಕ್ಕೆ ಕರೆಯೂಕೂ ದನಿ ಎತ್ತದವಳು ನೀನು. ಪಂಚಾಯ್ತಿಲಿ ಎಂತ ಮಾಡ್ತೆ?" ಎಂದಳು.

ನಿಜ. ಕಾರವಾರದ ಶಾಲೆಯಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದೇ ದನಿ ತಗ್ಗಿಸುವುದನ್ನು, ಯಾರಾದರೂ ಒಳಗೆ ಬಂದರೆ ಎದ್ದು ನಿಲ್ಲುವುದನ್ನು. ಸಿವಿಕ್ಸ್ ಪುಸ್ತಕದಲ್ಲಿ ಗ್ರಾಮ ಪಂಚಾಯತಿಯ ಬಗ್ಗೆ ಒಂದು ಚಿಕ್ಕ ಪಾಠವಿತ್ತು. ಅದನ್ನು ಬಾಯಿಪಾಠ ಮಾಡಿ ಬರೆದು ಮರೆತಿದ್ದೆ. ಆ ಪಾಠವೇ ಒಂದು ದಿನ ಕೊಡಪಾನ ಹಿಡಿದುಕೊಂಡು ನನ್ನ ಮನೆಯ ಹಿಂಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ಯಾರು ಎಣಿಸಿದ್ದರು?

ಹಿಂಬಾಗಿಲಿಗೇ ಬರುತ್ತಿದ್ದರು. ಗಂಡಸರು ಮುಂದಿನ ಜಗಲಿಗೆ ಬಂದು ನಮ್ಮವರನ್ನು ಕೇಳುತ್ತಿದ್ದರು. ಹೆಂಗಸರು ಬಚ್ಚಲ ಪಕ್ಕದಿಂದ ಸುತ್ತಿ ಅಡುಗೆಮನೆಗೆ. ಬೀದಿ ದೀಪ ಉರಿಯುತ್ತಿಲ್ಲ. ಪಕ್ಕದವರ ಹಲಸಿನ ಮರ ನಮ್ಮ ಹಂಚಿನ ಮೇಲೆ ಬಾಗಿದೆ. ಅತ್ತೆಗೆ ವೃದ್ಧಾಪ್ಯ ವೇತನ ನಿಂತಿದೆ. ಗಟಾರ ಕಟ್ಟಿದೆ. ಬಂದವರಿಗೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ನೋಡಿ ನೋಡಿ ಬೇಸತ್ತ ಪಕ್ಕದ ಮನೆಯಾಕೆ ಒಂದು ದಿನ ಹೇಳಿಯೇಬಿಟ್ಟಳು: "ಕೂತ್ಕೊಳ್ರೇ ಬಾಯಿ! ಮೆಂಬರೇ ಎದ್ದು ನಿಂತ್ರೆ ನಾವೆಂತ ಮಲಗಿ ಮಾತಾಡ್ಬೇಕಾ?" ಅಕ್ಕ, ಅಮ್ಮ ಎನ್ನುವಂತೆ ನಮ್ಮ ಕಡೆ ಹೆಂಗಸರನ್ನು ಬಾಯಿ ಎಂದು ಕರೆಯುತ್ತಾರೆ.

ಮೆಂಬರು ಎಂದರೆ ಏನೋ ಮಾಡಿಸುವವಳು ಎಂದು ತಿಳಿದಿದ್ದೆ. ಆದರೆ ಮುಕ್ಕಾಲು ಪಾಲು ಕೆಲಸ ಕೇಳಿಸಿಕೊಳ್ಳುವುದೇ ಆಗಿತ್ತು. ಕೇಳಿಸಿಕೊಂಡದ್ದನ್ನು ತಿಂಗಳ ಸಭೆಯಲ್ಲಿ ಹೇಳಬೇಕು. ಹೇಳಿದರೆ ಕಾರ್ಯದರ್ಶಿ ಬರೆದುಕೊಳ್ಳುತ್ತಾರೆ. ಬರೆದದ್ದು ಠರಾವು, ಅಂದರೆ ಸಭೆಯ ನಿರ್ಣಯ, ಆಗುತ್ತದೆ. ಕೆಲವು ವಾರ ಕಳೆದ ಮೇಲೆ ಒಬ್ಬ ಮನುಷ್ಯ ಏಣಿ ಹೆಗಲ ಮೇಲೆ ಹೊತ್ತು ಬಂದು, ನಾನು ಬಾಯಲ್ಲಿ ಹೇಳಿದ ಕಂಬಕ್ಕೇ ಏಣಿ ಒರಗಿಸಿ, ಹೊಸ ಬಲ್ಬು ಹಾಕುತ್ತಾನೆ! ಮೊದಲ ಸಲ ಆ ದೀಪ ಹತ್ತಿದಾಗ ನಾನು ಗೇಟಿನಲ್ಲಿ ನಿಂತು ಎಷ್ಟೋ ಹೊತ್ತು ಅದನ್ನೇ ನೋಡಿದ್ದೆ. ನನ್ನ ಬಾಯಿಂದ ಹೊರಟ ಒಂದು ವಾಕ್ಯ ಅಲ್ಲಿ ಹುಳಗಳನ್ನು ಸುತ್ತ ಕಟ್ಟಿಕೊಂಡು ಉರಿಯುತ್ತಿತ್ತು.

ಕೆಳಕೇರಿಯ ನೀರು ಮಾತ್ರ ಅಷ್ಟು ಸುಲಭದ್ದಲ್ಲ. ಹೊಳೆಯ ದಂಡೆಗೆ ತಾಗಿದ ಮೀನುಗಾರರ ಕೇರಿ ಅದು. ನಮ್ಮ ಚಹಾಕ್ಕೆ ಉಪ್ಪು ತಾಗುವ ಹೊತ್ತಿಗೆ ಅವರ ಬಾವಿಗಳ ನೀರು ಬಾಯಿಗಿಡುವಂತಿರುವುದಿಲ್ಲ. ಆಮೇಲೆ ಮಳೆ ಬೀಳುವವರೆಗೆ ಅಲ್ಲಿನ ಹೆಂಗಸರು ಹೆದ್ದಾರಿ ದಾಟಿ ಆಚೆ ಬದಿಯ ಒಂದು ನಲ್ಲಿಗೆ ಹೋಗಿ ಸಾಲು ನಿಲ್ಲಬೇಕು. ತುಂಬಿದ ಕೊಡ ಹೊತ್ತವರಿಗೆ ಕುತ್ತಿಗೆ ತಿರುಗಿಸಿ ಲಾರಿ ನೋಡಲು ಆಗುವುದಿಲ್ಲ. ನಮ್ಮ ಮನೆಗೆ ಮೀನು ತರುವವಳು ಆ ಕೇರಿಯವಳೇ. ಅವಳ ಸೊಸೆ ಆಗ ತುಂಬು ಬಸುರಿ. "ಹೋಗ್ಬೇಡ ಅಂದ್ರೂ ಕೇಳೂದಿಲ್ಲ ಬಾಯಿ, ನಾನು ಮೀನು ಮಾರಿ ಬರೂವರೆಗೆ ಎರಡು ಕೊಡ ತಂದಿಟ್ಟಿರ್ತದೆ. ದಿನಾ ಮನೆಗೆ ಹೋದ ಕೂಡ್ಲೆ ಮೊದ್ಲು ಸೊಸೆ ಒಳಗೆ ಉಂಟಾ ನೋಡ್ತೆ, ಆಮೇಲೆ ಬುಟ್ಟಿ ಇಳಿಸ್ತೆ," ಎಂದಿದ್ದಳು.

ಬಾವಿ ಮಂಜೂರಾಗಬೇಕಾದರೆ ವಾರ್ಡಿನ ಸಭೆ ಸೇರಿ ಅದನ್ನು ಆರಿಸಬೇಕು. ಸಭೆಯಲ್ಲಿ ಹೆಂಗಸರು ಇಂತಿಷ್ಟು ಇರಲೇಬೇಕೆಂದು ಕಾನೂನು. ಎರಡು ಸಲವೂ ಬಂದವರು ಬರೀ ಗಂಡಸರು. ಕಾರ್ಯದರ್ಶಿ ಹಾವೇರಿ ಕಡೆಯವರು, ಒಳ್ಳೆಯ ಹುಡುಗ. "ನಾ ಏನ್ ಮಾಡ್ಲಿ ಮೇಡಂ? ಹೆಣ್ಮಕ್ಳಿಲ್ದ ಕೋರಂ ಆಗೂದಿಲ್ಲ. ಇನ್ನೊಂದ್ ಸಲ ಕರೀರಿ. ಆಗ್ಲೂ ಬರ್ಲಿಲ್ಲಂದ್ರ ಆ ಬಾವಿ ಬ್ಯಾರೇ ವಾರ್ಡಿಗೆ ಹೋಗ್ತದ ನೋಡ್ರಿ," ಎಂದು ಬೇಸರದಿಂದಲೇ ಹೇಳಿದ್ದರು.

ನಾನು ಮೀನಿನವಳನ್ನು ಕೇಳಿದೆ: "ನಿಮಗಾಗಿಯೇ ಸಭೆ. ಅಂಗಡಿ ಗೋಡೆಗೆ, ಶಾಲೆಯ ಗೋಡೆಗೆ ನೋಟೀಸು ಹಚ್ಚಿದ್ದಾರೆ. ರಿಕ್ಷಾದಲ್ಲಿ ಮೈಕ್ ಕಟ್ಟಿ ಕೂಗಿದ್ದಾರೆ. ಯಾಕೆ ಬರಲಿಲ್ಲ?"

ಅವಳು ಬಾಂಗಡೆಯ ಕಿವಿರು ಎತ್ತಿ ತೋರಿಸುತ್ತಿದ್ದವಳು ಹಾಗೇ ತಲೆ ಎತ್ತಿದಳು. "ಕರೀದೆ ಯಾರು ಬರ್ತಾರೆ ಬಾಯಿ? ಗೋಡೆ ಬಂದು ನಮ್ಮ ಹಣೆಗೆ ಕುಂಕುಮ ಹಚ್ತದಾ?"

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಕಡೆ ಮನೆಮನೆಯಲ್ಲಿ ಹಳದಿ-ಕುಂಕುಮ. ಕರೆಯಲು ಹೋದವಳು ಮುತ್ತೈದೆಯ ಹಣೆಗೆ ಕುಂಕುಮ ಹಚ್ಚಿ ಹೇಳಿ ಬರಬೇಕು. ಹಾಗೆ ಕರೆದ ಮೇಲೆ ಜ್ವರ ಬಂದಿದ್ದರೂ ಹೋಗದಿರುವಂತಿಲ್ಲ. ಬಂದವರಿಗೆ ಸಣ್ಣದೊಂದು ಉಡುಗೊರೆ ಕೊಡುತ್ತಾರೆ. ಬಾಚಣಿಗೆಯೋ, ಡಬ್ಬಿಯೋ, ಚಮಚವೋ. ಅದಕ್ಕೆ ವಾಣ ಎನ್ನುತ್ತಾರೆ. ಅವಳ ಮಾತು ಕೇಳಿದ ಮರುದಿನವೇ ನಾನು ಕುಂಕುಮದ ಕರಡಿಗೆ ಹಿಡಿದು ಹೊರಟೆ.

ಕೆಳಕೇರಿಯಲ್ಲಿ ನನ್ನನ್ನು ಕೂರಿಸಲು ಒಂದು ಮನೆಯಿಂದ ಇನ್ನೊಂದು ಮನೆಗೆ ಅದೇ ಹೊಸ ಚಾಪೆ ನನಗಿಂತ ಮುಂಚೆ ಓಡುತ್ತಿತ್ತು. ಎಲ್ಲ ಕಡೆ ನೀರು ಕೊಟ್ಟರು. ಅದು ಹೆದ್ದಾರಿಯ ಆಚೆಯಿಂದ ಹೊತ್ತು ತಂದ ನೀರು. ಅರ್ಧ ಲೋಟಕ್ಕೆ ಸಾಕೆನ್ನಲು ಹೋದರೆ, "ಕುಡಿರಿ, ಇದು ಸಿಹಿದು," ಎಂದು ಒತ್ತಾಯಿಸಿದರು. ಆ ನೀರನ್ನು ಅಷ್ಟು ನಿಧಾನವಾಗಿ ನಾನು ಎಂದೂ ಕುಡಿದಿರಲಿಲ್ಲ.

ಕೊನೆಗೆ ಉಳಿದದ್ದು ಗುಡ್ಡದ ಬುಡದ ಮನೆ. ಅಲ್ಲಿ ಒಬ್ಬಳೇ ಅಜ್ಜಿ. ಗಂಡ ಹೋಗಿ ಬಹಳ ಕಾಲವಾಗಿತ್ತು. ಗಟ್ಟಿ ಮಡಿಯವಳು, ನಾಲಿಗೆ ಅದಕ್ಕಿಂತ ಗಟ್ಟಿ. ಊರಿಗೆಲ್ಲ ಉಪ್ಪು ಬಂದರೂ ಅವಳ ಬಾವಿಗೆ ಬರುತ್ತಿರಲಿಲ್ಲ. ಗುಡ್ಡದ ಒಸರು ಅದು. ಬೇರೆಯವರ ಕೊಡಪಾನ ಆ ಬಾವಿಗೆ ಇಳಿದದ್ದೂ ಇಲ್ಲ. ಸಭೆಗೆ ಅವಳನ್ನೂ ಕರೆಯಬೇಕು. ಕರೆಯಲು ಕೈಯಲ್ಲಿರುವುದು ಕುಂಕುಮ. ವಿಧವೆಗೆ ಕುಂಕುಮ ಹಿಡಿದು ಹೋಗುವುದು ಹೇಗೆ? ಬಿಟ್ಟು ಹೋಗುವುದಾದರೂ ಹೇಗೆ? ಬೇಲಿಯ ದಣಪೆಯ ಹತ್ತಿರ ನಿಂತು ಕರಡಿಗೆಯನ್ನು ಸೀರೆಯ ನೆರಿಗೆಯೊಳಗೆ ಸಿಕ್ಕಿಸಿಕೊಂಡೆ.

"ಸೊಂಟದಲ್ಲಿ ಎಂತ ಹುಗಿಸಿಟ್ಟಿದ್ದೆ?" ಒಳಗಿನಿಂದಲೇ ಪ್ರಶ್ನೆ ಬಂತು.

ತೋರಿಸಿದೆ. ಏಕೆ ಬಂದೆ ಎಂದೂ ಹೇಳಿದೆ. ಅಜ್ಜಿ ಒಣ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. "ನಿನ್ನ ಕಾನೂನಲ್ಲಿ ಮುತ್ತೈದೆರು ಮಾತ್ರ ಬರ್ಬೇಕು ಅಂತ ಉಂಟಾ?"

"ಇಲ್ಲ ಅಜ್ಜಿ. ವೋಟು ಇದ್ದವರೆಲ್ಲ ಬರಬಹುದು."

"ವೋಟು ನಂಗೂ ಉಂಟು. ಹಂಗಾರೆ ಕುಂಕುಮ ಎಂತಕೆ? ಬಾಯಲ್ಲಿ ಕರಿ."

"ಸಭೆಗೆ ಬನ್ನಿ ಅಜ್ಜಿ," ಎಂದೆ. ಕಾನ್ವೆಂಟಿನ ಅಭ್ಯಾಸ, ಕೈಗಳು ತಾವಾಗಿಯೇ ಮುಗಿದುಕೊಂಡಿದ್ದವು.

"ಕಾಂಬ. ಸೊಂಟ ನೋಯದಿದ್ರೆ ಬರ್ತೆ," ಎಂದು ಮತ್ತೆ ಅಡಿಕೆ ಕುಟ್ಟತೊಡಗಿದಳು.

ಆ ಮಧ್ಯಾಹ್ನ ನಾನು ಶಾಲೆಗೆ ಬೇಗನೇ ಹೋದೆ. ಉದ್ದನೆಯ ಕೋಣೆಯ ಬೆಂಚುಗಳನ್ನು ಬದಿಗೆ ಸರಿಸಿ ಚಾಪೆ ಹಾಸಿದೆವು. ಕಾರ್ಯದರ್ಶಿ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಜಗಲಿಯಲ್ಲಿ ಗಂಡಸರು ಕೆಲವರು ಎಲೆ-ಅಡಿಕೆಯ ಕವಳ ಹಾಕುತ್ತ ಕೂತಿದ್ದರು. ಮೂರಾಯಿತು. ಮೂರು ದಾಟಿತು. ನಾನು ಕಿಟಕಿಯಿಂದ ಹೊಳೆಯ ಕಡೆಯ ದಾರಿ ನೋಡುತ್ತಿದ್ದೆ.

ಮೊದಲು ಕೇಳಿಸಿದ್ದು ಬಳೆ. ಆಮೇಲೆ ಗದ್ದೆಯ ಬದುವಿನ ಮೇಲೆ ಒಂದರ ಹಿಂದೆ ಒಂದು ಬಣ್ಣ ಕಾಣಿಸಿತು. ಹಸಿರು, ಕಡುಗೆಂಪು, ಅರಿಸಿನ, ನೇರಳೆ. ಕೆಳಕೇರಿಯ ಹೆಂಗಸರು ಸಾಲಾಗಿ ಬರುತ್ತಿದ್ದರು. ಎಲ್ಲರೂ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟಿದ್ದರು, ಮುಡಿ ತುಂಬ ಅಬ್ಬಲಿಗೆ, ಮುಖಕ್ಕೆ ಪೌಡರು. ಅಷ್ಟರಲ್ಲಿ ಮೇಲಿನ ರಸ್ತೆಯಿಂದ ನಮ್ಮ ಕಡೆಯವರೂ ಬಂದರು, ಅವರೂ ಹಾಗೆಯೇ. ಪ್ರತಿಯೊಬ್ಬಳ ಕೈಯಲ್ಲೂ ಒಂದು ಖಾಲಿ ಚೀಲ.

ಕಾರ್ಯದರ್ಶಿ ಎದ್ದು ನಿಂತೇಬಿಟ್ಟರು. "ಮೇಡಂ, ಇಲ್ಲಿ ಯಾರ್ದರ ಮದುವಿ ಐತೇನ್ರಿ?"

ಆಗ ನನಗೆ ಹೊಳೆಯಿತು. ನಾನು ಮನೆಮನೆಯಲ್ಲೂ ವಾರ್ಡಿನ ಸಭೆ ಎಂದೇ ಹೇಳಿದ್ದೆ. ಆದರೆ ಸಂಕ್ರಾಂತಿಯ ದಿನಗಳಲ್ಲಿ ಹಣೆಗೆ ಕುಂಕುಮ ಹಚ್ಚಿದ ಮೇಲೆ ಉಳಿದ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಅವರೆಲ್ಲ ಹಳದಿ-ಕುಂಕುಮಕ್ಕೆ ಬಂದಿದ್ದರು. ಮುಂದೆ ಬಂದವಳು ಹೊಸ್ತಿಲ ಹೊರಗೆ ಚಪ್ಪಲಿ ಕಳಚಿ, ಹಣೆ ಮುಂದೆ ಮಾಡಿ ನಿಂತಳು. ಕರಡಿಗೆ ಪುಣ್ಯಕ್ಕೆ ನನ್ನ ಚೀಲದಲ್ಲೇ ಇತ್ತು. ಒಬ್ಬೊಬ್ಬರಿಗೇ ಹಚ್ಚಿ ಒಳಗೆ ಬಿಟ್ಟೆ. ಒಳಗೆ ಕಾರ್ಯದರ್ಶಿ ಸಹಿಗೆ ಪೆನ್ನು ಕೊಡುತ್ತಿದ್ದರು.

"ಸಹಿ ಎಂತಕೆ?" ಒಬ್ಬಳ ದನಿ. "ಹಳದಿ-ಕುಂಕುಮಕ್ಕೂ ಈಗ ಸಹಿಯಾ?"

"ಕಾನ್ವೆಂಟಿನವರದ್ದು ಹಂಗೇ ಇರ್ತದೆ, ಮಾಡೇ," ಎಂದಳು ಪಕ್ಕದ ಮನೆಯಾಕೆ, ಎಲ್ಲ ತಿಳಿದವಳಂತೆ.

ಕೋಣೆ ತುಂಬಿತು. ಕುರ್ಚಿಯಲ್ಲಿ ಕೂತು ಅಭ್ಯಾಸವಾದ ಗಂಡಸರಿಗೆ ಜಾಗವಿಲ್ಲದೆ ಅವರು ಕಿಟಕಿಗಳ ಹೊರಗೆ ನಿಂತರು. ಎಲ್ಲಕ್ಕಿಂತ ಕೊನೆಗೆ ಗುಡ್ಡದ ಬುಡದ ಅಜ್ಜಿ ಬಂದಳು. ಕಂಕುಳಲ್ಲಿ ತನ್ನದೇ ಒಂದು ಮಡಚಿದ ಗೋಣಿ. ನನ್ನ ಕೈಯಲ್ಲಿದ್ದ ಕರಡಿಗೆಯನ್ನು ನೋಡಿಯೂ ನೋಡದವಳಂತೆ ದಾಟಿ, ಬಾಗಿಲ ಪಕ್ಕ ಗೋಣಿ ಹಾಸಿ, ಯಾರಿಗೂ ತಾಗದಂತೆ ಕೂತಳು.

ಕಾರ್ಯದರ್ಶಿ ತಲೆಗಳನ್ನು ನೋಡಿ, ಪುಸ್ತಕ ನೋಡಿ, ನನ್ನ ಕಡೆ ತಿರುಗಿ, "ಶುರು ಮಾಡ್ರಿ ಮೇಡಂ," ಎಂದರು. ನಾನು ಬಾಯಿ ತೆರೆಯುವ ಮುಂಚೆಯೇ ಎದುರಿನ ಸಾಲಿನಿಂದ ಒಬ್ಬಳು ಕೇಳಿದಳು: "ವಾಣ ಮೊದ್ಲಾ, ಕೊನೆಗಾ ಬಾಯಿ?"

ಕೋಣೆ ನಕ್ಕಿತು. ನಾನು ಎದ್ದು ನಿಂತೆ. ದನಿ ಏರಿಸದೆ ಕೊನೆಯ ಬೆಂಚಿನವಳ ಮುಖ ನೋಡಿ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ ಎಂದು ಒಬ್ಬರು ಸಿಸ್ಟರು ಹೇಳಿಕೊಟ್ಟಿದ್ದರು. ಬಾಗಿಲ ಪಕ್ಕದ ಅಜ್ಜಿಯ ಮುಖ ನೋಡಿಕೊಂಡು ಹೇಳಿದೆ. ಇದು ಹಳದಿ-ಕುಂಕುಮ ಅಲ್ಲ, ವಾಣ ಇಲ್ಲ, ಕ್ಷಮಿಸಿ. ಇದು ನೀರಿನ ಸಭೆ. ಕೆಳಕೇರಿಗೊಂದು ಬಾವಿ ಬರುವುದಿದೆ. ನೀವೆಲ್ಲ ಬೇಕು ಎಂದರೆ ಮಾತ್ರ ಬರುತ್ತದೆ.

ಯಾರೂ ಎದ್ದು ಹೋಗಲಿಲ್ಲ. ಚೀಲಗಳನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡರು. ಮೀನಿನವಳು ಕೂತಲ್ಲಿಂದಲೇ ಶುರು ಮಾಡಿದಳು. ಸೊಸೆಯ ಮಾತು, ಹೆದ್ದಾರಿಯ ಮಾತು. ಅವಳು ನಿಲ್ಲಿಸಿದಲ್ಲಿ ಇನ್ನೊಬ್ಬಳು, ಅವಳ ಮಾತಿನ ನಡುವೆ ಮತ್ತೊಬ್ಬಳು. ನಮ್ಮ ಮೇಲಿನ ರಸ್ತೆಯವರು, ವರ್ಷಗಟ್ಟಲೆ ಅವರಿಂದ ಮೀನು ಕೊಂಡವರು, ಇದನ್ನೆಲ್ಲ ಮೊದಲ ಸಲ ಕೇಳುವವರಂತೆ ಗಲ್ಲಕ್ಕೆ ಕೈಯಿಟ್ಟು ಕೂತಿದ್ದರು.

ಆಗ ಕಿಟಕಿಯ ಹೊರಗಿನಿಂದ ಒಬ್ಬರು ಕೇಳಿದರು: "ಎಲ್ಲ ಸರಿ. ತೋಡೂದು ಎಲ್ಲಿ? ಹೊಳೆ ಬದಿಗೆ ತೋಡಿದ್ರೆ ಮತ್ತೊಂದು ಉಪ್ಪಿನ ಬಾವಿ. ಸಿಹಿ ನೀರಿನ ಜಾಗ ಪಂಚಾಯ್ತಿಗೆ ಬಿಟ್ಟುಕೊಡೂರು ಯಾರು?"

ಸಿಹಿ ನೀರಿನ ನೆಲ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಬಾಗಿಲ ಕಡೆ ತಿರುಗದಿರಲು ಎಲ್ಲರೂ ಅಷ್ಟು ಪ್ರಯತ್ನ ಪಡುತ್ತಿದ್ದರು. ನನಗೂ ಕೇಳುವ ಧೈರ್ಯವಿರಲಿಲ್ಲ. ಜಾಗವಿಲ್ಲ ಎಂದರೆ ಬಾವಿಯಿಲ್ಲ. ಮೀನಿನವಳು ತನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ವಾಣ ಕೇಳಿದ್ದು ಯಾರೇ?"

ಅಜ್ಜಿ ಗೋಡೆ ಹಿಡಿದು ಎದ್ದಿದ್ದಳು. ಕೇಳಿದವಳು ತಲೆ ತಗ್ಗಿಸಿದಳು.

"ಬರ್ಕೋ ತಮ್ಮಾ," ಎಂದಳು ಕಾರ್ಯದರ್ಶಿಗೆ. "ನನ್ನ ತೆಂಗಿನ ಹಿತ್ತಲ ಮೂಲೆ, ಗುಡ್ಡದ ಬದಿದು. ಅಲ್ಲಿ ಎಲ್ಲಿ ತೋಡಿದ್ರೂ ಸಿಹಿ ನೀರೇ. ಜಾಗ ನನ್ನ ಹೆಸರಲ್ಲೇ ಉಂಟು, ಯಾರನ್ನೂ ಕೇಳ್ಬೇಕಂತ ಇಲ್ಲ."

"ಅಮ್ಮಾ, ವಿಚಾರ ಮಾಡಿ ಹೇಳ್ರಿ…"

"ಮುಂಡೆ ವಾಣ ಕೊಡೂಕಾಗ ಅಂತ ನಿನ್ನ ಪುಸ್ತಕದಲ್ಲಿ ಬರ್ದಿದ್ರಾ?"

"ಇಲ್ರೀ!" ಕಾರ್ಯದರ್ಶಿ ಪೆನ್ನು ಕೈಗೆತ್ತಿಕೊಂಡರು. "ಹಂಗೇನೂ ಇಲ್ರೀ ಅಮ್ಮಾ."

"ಹಂಗಾರೆ ಬರಿ."

ಅವರು ಬರೆದರು. ಬರೆದದ್ದನ್ನು ಓದಿ ಹೇಳಿ, ಒಪ್ಪಿಗೆ ಇದ್ದವರು ಕೈ ಎತ್ತಬೇಕು ಎಂದರು. ಕೋಣೆಯ ಕೈಗಳೆಲ್ಲ ಒಟ್ಟಿಗೆ ಮೇಲೆ ಹೋದವು. ಎತ್ತಿದ ಕೈಗಳಿಂದ ಗಾಜಿನ ಬಳೆಗಳೆಲ್ಲ ಒಟ್ಟಿಗೆ ಮೊಣಕೈವರೆಗೆ ಜಾರಿದವು. ನಾನು ಇಷ್ಟು ವರ್ಷಗಳಲ್ಲಿ ದೇವಸ್ಥಾನದಲ್ಲಿ, ಇಗರ್ಜಿಯಲ್ಲಿ, ಮದುವೆಯ ಮಂಟಪದಲ್ಲಿ ಎಷ್ಟೋ ಘಂಟೆಗಳ ನಾದ ಕೇಳಿದ್ದೇನೆ. ಆ ಬಳೆಗಳ ಸದ್ದು ಕೇಳಿ ಮೈ ಜುಮ್ಮೆಂದಂತೆ ಯಾವತ್ತೂ ಆಗಿಲ್ಲ. ಸರಕಾರ ಎಂದರೆ ಬೆಂಗಳೂರಿನಲ್ಲಿ, ದೆಹಲಿಯಲ್ಲಿ, ಕಲ್ಲಿನ ದೊಡ್ಡ ಕಟ್ಟಡಗಳಲ್ಲಿ ಇರುವಂಥದ್ದು ಎಂದುಕೊಂಡಿದ್ದೆ. ಅದು ನಮ್ಮೂರ ಶಾಲೆಯ ಚಾಪೆಯ ಮೇಲೆ, ಅಬ್ಬಲಿಗೆ ಮುಡಿದುಕೊಂಡು, ಕೈ ಎತ್ತಿ ಕೂತಿತ್ತು. ಠರಾವಿನ ಕೆಳಗೆ ಅಧ್ಯಕ್ಷೆಯ ಸಹಿ ಹಾಕಿದೆ.

ಸಭೆ ಮುಗಿದ ಮೇಲೆ ಮೀನಿನವಳು ಓಡಿಹೋಗಿ ಅಜ್ಜಿಯ ಕಾಲಿಗೆ ಬೀಳಲು ಬಗ್ಗಿದಳು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. "ದೂರ ದೂರ! ಜಾಗ ಕೊಟ್ಟೆ ಅಂತ ಮಡಿ ಬಿಟ್ಟಿದ್ನಾ?" ಎಂದು ಗದರಿಸಿ, ಗೋಣಿ ಝಾಡಿಸಿ ಕಂಕುಳಿಗೆ ಸೇರಿಸಿ ಹೊರಟುಹೋದಳು. ಕೆಳಕೇರಿಯ ಹೆಂಗಸರು ನಗುತ್ತ ಮತ್ತೆ ಬದುವಿನ ಮೇಲೆ ಸಾಲಾದರು. ಬಾವಿ ಗೆದ್ದಿದ್ದರು, ನಿಜ. ಆದರೆ ಠರಾವಿನಿಂದ ತೋಡುವವರೆಗೆ ಎಷ್ಟು ಸಹಿ, ಎಷ್ಟು ಓಡಾಟ ಎಂದು ನನಗೆ ಗೊತ್ತಿತ್ತು. ಅಲ್ಲಿಯವರೆಗೆ ಆ ಬಸುರಿ ಹೆಂಗಸು ಹೆದ್ದಾರಿ ದಾಟುತ್ತಲೇ ಇರಬೇಕಲ್ಲ ಎಂಬುದೊಂದು ಮನೆಗೆ ಬರುವ ದಾರಿಯುದ್ದಕ್ಕೂ ಕೊರೆಯುತ್ತಿತ್ತು.

ಸಂಜೆ ನಮ್ಮವರು ಬಂದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಬೂಟಿನ ದಾರ ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿ, "ಆ ಅಜ್ಜಿಯಾ?" ಎಂದು ಎರಡು ಸಲ ಕೇಳಿದರು. ಒಣಗಿದ ಬಟ್ಟೆ ತೆಗೆಯಲು ನಾನು ಹಿತ್ತಲಿಗೆ ಹೋದೆ. ಬೇಲಿಯ ಆಚೆ ಪಕ್ಕದ ಮನೆಯಾಕೆಯೂ ಬಟ್ಟೆ ತೆಗೆಯುತ್ತಿದ್ದಳು. ಸಭೆಯ ಸೀರೆ ಬಿಚ್ಚಿ ಮನೆಯದನ್ನು ಉಟ್ಟಿದ್ದಳು. ಹೂ ಮಾತ್ರ ತಲೆಯಲ್ಲೇ ಇತ್ತು. ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡೇ ನನ್ನ ಕಡೆ ತಿರುಗಿದಳು.

"ಬಾಯಿ, ನಿಮ್ಮಲ್ಲಿ ಬಾವಿ ಹಗ್ಗ ಹೆಚ್ಚಿಂದು ಇದ್ರೆ ಕೊಡಿ. ನಮ್ಮದು ಆ ಅಜ್ಜಿ ಬಂದು ತಕಂಡು ಹೋಯ್ತು. ಹೊಸ ಬಾವಿ ತೋಡೂವರೆಗೆ ಕೆಳಕೇರಿಯವರು ನಾಳೆಯಿಂದ ಆ ಅಜ್ಜಿ ಬಾವಿಗೇ ಬರ್ತಾರಂತೆ, ಒಂದು ಹಗ್ಗ ಸಾಲೂದಿಲ್ಲ ಅಂತು."